ಕೊಯ್ದ ಹೂವು, ಬಾಗಲಕೋಟೆ ಬೇಸಗೆ ಮಾದರಿ: ಬಳಕೆದಾರರ ಕೈಪಿಡಿ

ಹೂವು ಕೊಂಡಿದ್ದಕ್ಕೆ ಅಭಿನಂದನೆಗಳು. ನೀವೀಗ ಒಂದು ಮೊಳ ಮಲ್ಲಿಗೆಯ ಮಾಲೀಕರು. ಬಳಸುವ ಮುನ್ನ ಈ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದತಕ್ಕದ್ದು. ಓದಿ ಮುಗಿಸುವಷ್ಟರಲ್ಲಿ ಹೂವು ಬಾಡುವ ಸಂಭವ ಇರುವುದರಿಂದ ಮೊದಲು ಅದಕ್ಕೊಂದು ಒದ್ದೆ ಅರಿವೆ ಸುತ್ತಿಟ್ಟು ಬನ್ನಿ. ಕೈಪಿಡಿಗೆ ಅವಸರವಿಲ್ಲ, ಅವಸರ ಇರುವುದು ಹೂವಿಗೆ.

ಈ ಆವೃತ್ತಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸುತ್ತಿನ ಮನೆಗಳಿಗಾಗಿ ಸಿದ್ಧವಾದದ್ದು. ಶಿರಸಿಯವರು, ಮಡಿಕೇರಿಯವರು ಹೊತ್ತು ಕಳೆಯಲು ಓದಬಹುದು. ಬೇರೆ ಕಡೆಯಿಂದ ಬರುವ ಹೂವಿನ ಸಲಹೆಗಳೆಲ್ಲ ನಿಮ್ಮ ಮನೆಯಲ್ಲಿ ಮೂರು ವಸ್ತು ಇವೆ ಎಂದು ನಂಬಿಕೊಂಡೇ ಶುರುವಾಗುತ್ತವೆ: ಗಾಜಿನ ಹೂದಾನಿ, ಮೊಳದುದ್ದ ದಂಟಿರುವ ಹೂವು, ಇಪ್ಪತ್ತು ಡಿಗ್ರಿಯ ಕೋಣೆ. ನಮ್ಮಲ್ಲಿ ಹೂದಾನಿ ಎಂದರೆ ಯಾರದೋ ಮದುವೆಯಲ್ಲಿ ಬಂದ ಉಡುಗೊರೆ. ಷೋಕೇಸಿನಲ್ಲಿ ಪ್ಲಾಸ್ಟಿಕ್ ಗುಲಾಬಿ ಹಿಡಿದು ನಿಂತಿರುತ್ತದೆ. ಹೂವಿಗೆ ದಂಟಿರುವುದಿಲ್ಲ, ಹೂಗಾರರು ಅದರ ಕೊರಳಿಗೇ ನಾರು ಬಿಗಿದಿರುತ್ತಾರೆ. ಇನ್ನು ಕೋಣೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಆರ್‌ಸಿಸಿ ಮನೆಯೊಳಗೆ ಎಷ್ಟಿರುತ್ತದೆಂದು ತಿಳಿಯಲು ಹೂವನ್ನು ನೋಡಬೇಕಿಲ್ಲ, ಅಂಗಿಯ ಬೆನ್ನು ನೋಡಿಕೊಂಡರೆ ಸಾಕು. ಆದ್ದರಿಂದ ಈ ಸೀಮೆಗೊಂದು ಬೇರೆಯೇ ಕೈಪಿಡಿ.

1. ಉತ್ಪನ್ನದ ಪರಿಚಯ

ಕೊಯ್ದ ಹೂವು ಜೀವವಿರುವ ಸರಕು. ಗಿಡ ಬಿಟ್ಟ ಮೇಲೂ ಅದು ಉಸಿರಾಡುತ್ತದೆ, ಒಳಗಿದ್ದ ಸಕ್ಕರೆ ತೀರಿಸುತ್ತದೆ, ದಳಗಳಿಂದ ನೀರು ಕಳೆದುಕೊಳ್ಳುತ್ತದೆ. ಬೇರಿನಿಂದ ಬರುತ್ತಿದ್ದುದು ಮಾತ್ರ ನಿಂತಿದೆ. ಸಂಬಳ ನಿಂತು ಮನೆಖರ್ಚು ನಿಲ್ಲದವರ ಪಾಡು ಅದರದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಅಂದರೆ 10 ಡಿಗ್ರಿ ತಂಪಿನಲ್ಲಿ ಇರುವ ಮೊಗ್ಗಿಗಿಂತ 40 ಡಿಗ್ರಿಯ ಪಡಸಾಲೆಯಲ್ಲಿರುವ ಮೊಗ್ಗು ಕಡಿಮೆಯೆಂದರೂ ಎಂಟು ಪಟ್ಟು ವೇಗವಾಗಿ ತನ್ನ ಗಂಟು ಕರಗಿಸುತ್ತಿರುತ್ತದೆ. ಈ ಕೈಪಿಡಿಯ ಉಳಿದ ಸೂಚನೆಗಳೆಲ್ಲ ಇದೊಂದು ಲೆಕ್ಕದಿಂದ ಹುಟ್ಟಿದವು.

ಮಾರುಕಟ್ಟೆಯಲ್ಲಿ ಸಿಗುವ ಮಾದರಿಗಳು ಹೀಗಿವೆ. ದುಂಡುಮಲ್ಲಿಗೆ: ನಸುಕಿನಲ್ಲಿ ಮೊಗ್ಗಾಗಿಯೇ ಕೊಯ್ದದ್ದು, ಸಂಜೆಗೆ ಬಿರಿದು ಮನೆ ತುಂಬ ಘಮ ಹರಡುತ್ತದೆ, ಮರುದಿನ ಕಂದಾಗುತ್ತದೆ. ಕಾಕಡಾ: ಘಮ ಕಡಿಮೆ, ತಾಳಿಕೆ ತುಸು ಹೆಚ್ಚು. ಅಬ್ಬಲಿಗೆ, ಅಂದರೆ ದಕ್ಷಿಣದವರ ಕನಕಾಂಬರ: ಘಮವೇ ಇಲ್ಲ, ತಾಳಿಕೆ ಮಲ್ಲಿಗೆಗಿಂತ ಹೆಚ್ಚು, ಎರಡನ್ನೂ ಒಬ್ಬರಿಗೇ ಕೊಡುವ ರೂಢಿ ಸೃಷ್ಟಿಯಲ್ಲಿ ಇಲ್ಲ. ಶ್ಯಾವಂತಿಗೆ, ಚೆಂಡು ಹೂವು: ದಸರಾ, ದೀಪಾವಳಿಯ ಗಟ್ಟಿಗರು. ದಾಸವಾಳ: ಒಂದೇ ದಿನದ ಕರಾರು, ನೀರಲ್ಲಿ ಇಟ್ಟರೂ ಬಿಟ್ಟರೂ ಹೊತ್ತಿಗೆ ಸರಿಯಾಗಿ ಮುದುಡುತ್ತದೆ. ಪಾರಿಜಾತ: ನಸುಕಿನಲ್ಲಿ ತಾನಾಗಿ ಉದುರುತ್ತದೆ, ಈ ಮಾದರಿಗೆ ಸರ್ವಿಸ್ ಸೌಲಭ್ಯ ಇಲ್ಲ.

ಬಿಲ್ವಪತ್ರಿ, ತುಳಸಿ ಹೂವಲ್ಲದಿದ್ದರೂ ಅದೇ ಚೀಲದಲ್ಲಿ ಬರುತ್ತವೆ. ಇವಕ್ಕೆ ಹಳತಾದ ದೋಷವಿಲ್ಲ, ನಿನ್ನೆಯ ಹೂವಿಗೆ ಮಾತ್ರ ಉಂಟು ಎಂದು ಪೂಜೆಯ ಪದ್ಧತಿ ಹೇಳುತ್ತದೆ. ಎಲೆಯ ಮೇಲ್ಪದರ ದಪ್ಪ, ನೀರನ್ನು ಹಿಡಿದಿಡುತ್ತದೆ. ದಳದ ಪದರ ತೆಳು. ಪದ್ಧತಿ ಬರೆದವರು ಎಲೆಯನ್ನೂ ದಳವನ್ನೂ ಚೆನ್ನಾಗಿ ಮುಟ್ಟಿ ನೋಡಿದ್ದರು ಎಂಬುದರಲ್ಲಿ ಸಂಶಯ ಬೇಡ. ಅಂಗೈಯ ಇಷ್ಟಲಿಂಗಕ್ಕೆ ಒಂದು ಪತ್ರಿ, ಒಂದು ಹೂವು ಸಾಕೆನ್ನುವ ಹುನಗುಂದ, ಕೂಡಲಸಂಗಮದ ಕಡೆಯ ಮನೆಗಳಿಗೆ ಈ ಕೈಪಿಡಿಯ ಅಗತ್ಯ ಅಷ್ಟಕ್ಕಷ್ಟೆ.

2. ಖರೀದಿಸುವಾಗ

ಅಳತೆಯ ಮೂಲಮಾನ ಮೊಳ: ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರ ದೇಶದಲ್ಲಿ ಮೀಟರು, ಕಿಲೋಗಳದೇ ರಾಜ್ಯ. ಹೂವಿನ ಬುಟ್ಟಿಯ ಮುಂದೆ ಇನ್ನೂ ಮೊಣಕೈಯದೇ ರಾಜ್ಯ. ಹಾಗಾಗಿ ಉದ್ದ ಕೈಯವರ ಹತ್ತಿರ ಕೊಳ್ಳುವುದು ಲಾಭ. ಗಿಡ್ಡ ಕೈಯವರು ಕೊನೆಗೊಂದು ಗೇಣು ಕೊಸರು ಬಿಟ್ಟು ಲೆಕ್ಕ ಸರಿ ಮಾಡುವುದುಂಟು.

ದೇವರಿಗೆ ಒಯ್ಯುವ ಹೂವನ್ನು ಮೂಸುವಂತಿಲ್ಲ. ಆದ್ದರಿಂದ ತಪಾಸಣೆಯೆಲ್ಲ ಕಣ್ಣು, ಬೆರಳಿನ ಕೆಲಸ. ಮೇಲೆ ಹೊಳೆಯುವ ಹನಿಗಳನ್ನು ನಂಬಬೇಡಿ; ನೀರು ಚಿಮುಕಿಸಿದರೆ ನಿನ್ನೆಯದೂ ಹೊಳೆಯುತ್ತದೆ. ಮಾಲೆಯನ್ನು ತಿರುಗಿಸಿ ಮೊಗ್ಗಿನ ಬುಡ ನೋಡಿ. ಹಸಿರು ತೊಟ್ಟಿನೊಳಗಿಂದ ಹೊರಟ ಬಿಳಿ ಕೊಳವೆ ಬಿಗಿಯಾಗಿ, ಬೆರಳಿಗೆ ತಣ್ಣಗೆ ತಾಗಬೇಕು. ಅಲ್ಲಿ ಕಂದು ಗೆರೆ ಕಂಡರೆ ಆ ಮೊಗ್ಗು ಬುಟ್ಟಿಯ ತಳದಲ್ಲಿ ಭಾರ ಹೊತ್ತದ್ದು. ಮಲ್ಲಿಗೆ ತನಗಾದ ಪೆಟ್ಟನ್ನು ಕಂದು ಬಣ್ಣದಲ್ಲೇ ಬರೆದಿಟ್ಟುಕೊಳ್ಳುತ್ತದೆ. ಕೊನೆಗೆ ನಾರು ನೋಡಿ. ನೆನೆಸಿದ ಬಾಳೆನಾರು ಮೆತ್ತಗಿದ್ದರೆ ಮಾಲೆ ಈ ಹೊತ್ತಿನದು, ಕಡ್ಡಿಯಂತೆ ಬಿರುಸಾಗಿದ್ದರೆ ನಿನ್ನೆಯದು. ಹತ್ತಿ ದಾರದಲ್ಲಿ ಕಟ್ಟಿದ್ದರೆ ಈ ಸುಳಿವು ಸಿಗದು. ಬಾಳೆನಾರಿಗೆ ಇನ್ನೊಂದು ಗುಣವುಂಟು: ತನ್ನೊಳಗಿನ ತೇವದಿಂದ ಮೊಗ್ಗಿನ ಕೊರಳನ್ನು ತಂಪಾಗಿ ಇಡುತ್ತದೆ, ದಾರದಷ್ಟು ಕೊಯ್ಯುವುದಿಲ್ಲ.

ತಪಾಸಣೆಯ ವೇಳೆ ನಡೆಯುವ ಮಾತುಕತೆಯ ಮಾದರಿ:

"ಅಕ್ಕಾರ, ನಿನ್ನಿದಲ್ಲ ಹೌದಲ್ರಿ?"

"ನಸುಕಿನ್ಯಾಗ ಕಟ್ಟೀನ್ರಿ ಅವ್ವಾರ. ಮೊಗ್ಗ ನೋಡ್ರಿ, ಇನ್ನಾ ಕಣ್ಣ ತೆರದಿಲ್ಲ."

"ಸಂಜೀಮಟ ತಡೀತಾವೇನ?"

"ತಲಿಯಾಗ ಇಟ್ಕೊಂಡ್ರ ತಡೀತಾವ. ಚೀಲದಾಗ ಇಟ್ರ ತಡಿಯಂಗಿಲ್ರಿ."

ಕೊನೆಯ ಉತ್ತರವನ್ನು ಜಾಣತನದ ಮಾತೆಂದು ತಳ್ಳಿಹಾಕಬೇಡಿ. ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹೂವು ತನ್ನ ಉಸಿರಿನ ಬಿಸಿಗೇ ಬೇಯುತ್ತದೆ. ತಲೆಯಲ್ಲಿದ್ದರೆ ಗಾಳಿಯಾದರೂ ಆಡುತ್ತದೆ.

3. ಮೊದಲ ಒಂದು ಗಂಟೆ

ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಡೆಯಾಗಿ ನವನಗರದ ಸೆಕ್ಟರುಗಳಿಗೆ ಬಂದ ಮನೆಗಳಲ್ಲಿ ಹೂವು-ಪತ್ರಿಯ ಚೀಲವನ್ನು ಗೇಟಿಗೆ ಸಿಕ್ಕಿಸಿ ಹೋಗುವ ರೂಢಿ ಬೆಳೆದಿದೆ. ವಾಸ್ತು ಕೇಳಿ ಪೂರ್ವಕ್ಕೆ ಗೇಟು ಮಾಡಿಸಿಕೊಂಡವರು ಇಲ್ಲಿ ಎಚ್ಚರ ವಹಿಸಬೇಕು: ಅವರ ಮನೆಗೆ ಲಕ್ಷ್ಮಿಗಿಂತ ಮೊದಲು ಬರುವವನು ಸೂರ್ಯ, ಅವನು ನೇರವಾಗಿ ಕೈ ಹಾಕುವುದು ಆ ಚೀಲಕ್ಕೆ. ಬೇಸಗೆಯಲ್ಲಿ ಏಳೂವರೆಯ ಬಿಸಿಲೂ ಬಿಸಿಲೇ. ಹಾಲಿನ ಪಾಕೀಟನ್ನು ಒಳಗೆ ತರುವ ಕೈಯಲ್ಲೇ ಹೂವನ್ನೂ ತನ್ನಿ. ಹಾಲು ಒಡೆದರೆ ಪನೀರ್ ಆದರೂ ಮಾಡಬಹುದು.

ಪೇಟೆಯಿಂದ ಕೊಂಡು ತರುವವರು ಹೂವನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬಾರದು; ಅದರ ಕೆಳಗೆ ಎಂಜಿನ್ನಿದೆ. ಮುಂದಿನ ಕೊಕ್ಕೆಗೆ ಬಾಳೆ ಎಲೆಯಲ್ಲಿ ಸುತ್ತಿದ ಪೊಟ್ಟಣವಾಗಿ ಸಿಕ್ಕಿಸಿದರೆ ಇಳಕಲ್ಲ ಪೇಟೆಯಿಂದ ಮನೆ ಮುಟ್ಟುವವರೆಗೆ ಚಿಂತೆಯಿಲ್ಲ.

4. ದಂಟಿಲ್ಲದ ಹೂವು ಕಾಪಿಡುವ ವಿಧಾನ

ತೆಳ್ಳಗಿನ ಹತ್ತಿ ಅರಿವೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಝಾಡಿಸಿ. ಅರಿವೆ ಒದ್ದೆಯಿರಬೇಕು, ತೊಟ್ಟಿಕ್ಕಬಾರದು. ದಳದ ಮೇಲೆ ನಿಂತ ನೀರು ಹೂವನ್ನು ಉಳಿಸುವುದಿಲ್ಲ, ಕೊಳೆಸುತ್ತದೆ. ಮಾಲೆಯನ್ನು ಸುರುಳಿ ಸುತ್ತಿ ಅರಿವೆಯಲ್ಲಿ ಸಡಿಲವಾಗಿ ಇಟ್ಟು, ಅದನ್ನು ಬಾಳೆ ಎಲೆಯಲ್ಲೋ ಸ್ಟೀಲ್ ಡಬ್ಬಿಯಲ್ಲೋ ಇಡಿ. ಡಬ್ಬಿಯ ಮುಚ್ಚಳ ಒತ್ತಬೇಡಿ, ಮೇಲೆ ಇಟ್ಟರೆ ಸಾಕು.

ಫ್ರಿಜ್ ಇರುವವರು ಈ ಡಬ್ಬಿಯನ್ನು ಕೆಳಗಿನ ಖಾನೆಯಲ್ಲಿ ಇಡಬೇಕು. ಫ್ರೀಜರಿನಲ್ಲಿಟ್ಟರೆ ಇನ್ನೂ ಹೆಚ್ಚು ದಿನ ಇರುತ್ತದೆಂಬ ಲೆಕ್ಕ ಬೇಡ. ಮೊಗ್ಗಿನೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳನ್ನು ಒಡೆಯುತ್ತದೆ, ಹೊರಗೆ ತೆಗೆದ ಕೂಡಲೇ ಮಲ್ಲಿಗೆ ಬೇಯಿಸಿದ ಪಲ್ಯವಾಗುತ್ತದೆ. ಸಂಜೆ ಮುಡಿಯುವ ಹೂವನ್ನು ತುಸು ಮೊದಲೇ ಹೊರಗೆ ತೆಗೆದಿಡಿ, ಬೆವರು ಆರಲಿ. ಬಾಯಿ ಬಿಟ್ಟ ಹಾಲಿನ ಪಾತ್ರೆ ಅದೇ ಖಾನೆಯಲ್ಲಿದ್ದರೆ ಮರುದಿನದ ಚಹಾಕ್ಕೆ ಮಲ್ಲಿಗೆ ಘಮ ಬರುವುದು ಖಾತರಿ. ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ ಇದ್ದರೆ ಈ ವ್ಯವಹಾರ ತಿರುವುಮುರುವಾಗುತ್ತದೆ.

ಫ್ರಿಜ್ ಇಲ್ಲದವರಿಗೆ, ಕರೆಂಟು ಹೋಗಿಬರುವ ಊರಿನವರಿಗೆ ಈ ಸೀಮೆಯ ಬಿಸಿಲೇ ಒಂದು ಯಂತ್ರ ಒದಗಿಸಿದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವಿನ ಸಂದಿಗೆ ಉಸುಕು ತುಂಬಿ, ಉಸುಕಿಗೆ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಒಳಗಿನ ಗಡಿಗೆಯಲ್ಲಿ ಹೂವಿನ ಪೊಟ್ಟಣ, ಮೇಲೊಂದು ಒದ್ದೆ ಗೋಣಿತಟ್ಟು. ನೀರು ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ಇದೇ ತತ್ವದ ಮೇಲೆ ಇಟ್ಟಿಗೆ ಮತ್ತು ಉಸುಕಿನ ವಿದ್ಯುತ್‌ರಹಿತ ಶೀತಲ ಕೋಣೆ ರೂಪಿಸಿತು. ಒಣ ಬೇಸಗೆಯಲ್ಲಿ ಅದರೊಳಗೆ ಹೊರಗಿಗಿಂತ ಹತ್ತು-ಹದಿನೈದು ಡಿಗ್ರಿ ತಂಪು, ಗಾಳಿಯ ತೇವ ಶೇ. 90ರ ಆಸುಪಾಸು. ನೈಜೀರಿಯಾದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು ಗಡಿಗೆಯೊಳಗಿನ ಗಡಿಗೆಯನ್ನು ತರಕಾರಿ ಕಾಪಿಡಲೆಂದು ಹಳ್ಳಿಗರಿಗೆ ಹಂಚಿ ರೊಲೆಕ್ಸ್ ಪ್ರಶಸ್ತಿ ಪಡೆದರು. ಮಂಗಳೂರಿನ ಒದ್ದೆ ಗಾಳಿಯಲ್ಲಿ ಈ ಯಂತ್ರ ನಡೆಯದು. ಬಾಗಲಕೋಟೆಯ ಬಿಸಿಲಿನಿಂದ ಹಪ್ಪಳ, ಸಂಡಿಗೆ ಬಿಟ್ಟರೆ ಸಿಗುವ ಇನ್ನೊಂದು ಪ್ರಯೋಜನ ಇದು.

5. ದಂಟಿರುವ ಹೂವು ಕಾಪಿಡುವ ವಿಧಾನ

ಗುಲಾಬಿ, ಜರ್ಬೆರಾ, ಗ್ಲ್ಯಾಡಿಯೋಲಸ್ ಸಾಮಾನ್ಯವಾಗಿ ಮನೆಗೆ ಕೊಂಡು ತಂದವಲ್ಲ, ನಿವೃತ್ತಿ ಸಮಾರಂಭದಿಂದಲೋ ವಾರ್ಷಿಕೋತ್ಸವದ ವೇದಿಕೆಯಿಂದಲೋ ಗುಚ್ಛವಾಗಿ ಬಂದವು. ಇವನ್ನು ಟಿವಿಯ ಮೇಲೆ ಮಲಗಿಸಬೇಡಿ. ಕ್ರಮ ಹೀಗಿದೆ.

ಒಂದು: ಬ್ಯಾಗಡಿ ಹಾಳೆ, ರಿಬ್ಬನ್ನು, ಶುಭಾಶಯದ ಚೀಟಿ ತೆಗೆಯಿರಿ. ಚೀಟಿಯನ್ನು ಬೇಕಾದರೆ ಕಾಪಿಡಿ, ಅದು ಬಾಡುವುದಿಲ್ಲ.

ಎರಡು: ದಂಟಿನ ತುದಿಯನ್ನು ಒಂದು ಇಂಚು, ಓರೆಯಾಗಿ, ಬಕೆಟ್ಟಿನ ನೀರೊಳಗೆ ಮುಳುಗಿಸಿಕೊಂಡೇ ಕತ್ತರಿಸಿ. ದಂಟಿನಲ್ಲಿ ನೀರು ಏರುವ ಕೂದಲೆಳೆಯ ಕೊಳವೆಗಳಿವೆ. ಒಣ ಗಾಳಿಯಲ್ಲಿ ಕೊಯ್ದರೆ ಅವುಗಳೊಳಗೆ ಗಾಳಿಗುಳ್ಳೆ ಸೇರಿ ದಾರಿ ಕಟ್ಟುತ್ತದೆ. ಮೇಲೆ ಗುಲಾಬಿ ಕತ್ತು ಬಗ್ಗಿಸಿ ನಿಂತರೆ ಅದು ನಾಚಿಕೆಯಲ್ಲ, ಬಾಯಾರಿಕೆ. ಮೊಂಡ ಕತ್ತರಿ ಕೊಳವೆಗಳನ್ನು ಜಜ್ಜುತ್ತದೆ; ಹರಿತವಾದ ಚಾಕು ಬೇಕು.

ಮೂರು: ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ. ಅವು ಕೊಳೆತು ಬೆಳೆಸುವ ಬ್ಯಾಕ್ಟೀರಿಯಾ ಅದೇ ಕೊಳವೆಗಳ ಬಾಯಿಗೆ ಮೆತ್ತಿಕೊಳ್ಳುತ್ತದೆ.

ನಾಲ್ಕು: ಪಾತ್ರೆ ಸೋಪು ಹಾಕಿ ತೊಳೆದದ್ದಾಗಿರಲಿ. ಹಳೆಯ ಹಾರ್ಲಿಕ್ಸ್ ಬಾಟಲಿ ನಡೆಯುತ್ತದೆ.

ಐದು: ಮೊದಲ ಸಲ ಉಗುರುಬೆಚ್ಚಗಿನ ನೀರು, ಸುಮಾರು 40 ಡಿಗ್ರಿ, ಹಾಕಬೇಕೆಂದು ಜಗತ್ತಿನ ಕೈಪಿಡಿಗಳೆಲ್ಲ ಹೇಳುತ್ತವೆ, ಬೆಚ್ಚಗಿನ ನೀರಲ್ಲಿ ಕರಗಿದ ಗಾಳಿ ಕಡಿಮೆ, ಅದು ಸಲೀಸಾಗಿ ಏರುತ್ತದೆ. ಇದಕ್ಕಾಗಿ ನೀವು ಒಲೆ ಹಚ್ಚಬೇಕಿಲ್ಲ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನಲ್ಲಿ ತಿರುವಿದರೆ ಬರುವ ನೀರು ಜಗತ್ತಿನ ಶಿಫಾರಸಿಗೆ ಸರಿಯಾಗಿ ಇರುತ್ತದೆ.

ಆರು: ಒಂದು ಲೀಟರು ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಕಾಲು ಸಣ್ಣ ಚಮಚ ಬಟ್ಟೆಗೆ ಹಾಕುವ ಬ್ಲೀಚು. ಸಕ್ಕರೆ ಹೂವಿನ ಊಟ, ಹುಳಿ ನೀರೇರಲು ಅನುಕೂಲ, ಬ್ಲೀಚು ಬ್ಯಾಕ್ಟೀರಿಯಾಕ್ಕೆ. ಮುಧೋಳ, ಜಮಖಂಡಿಯ ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಲ್ಲಿ ಇಷ್ಟು ಸಕ್ಕರೆ ಹೂವಿಗೆ ಹಾಕಿದರೆ ಕೊರತೆಯಾಗದು. ನಿಂಬೆರಸಕ್ಕೂ ಬ್ಲೀಚಿಗೂ ನೇರ ಭೇಟಿ ಮಾಡಿಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಮೊದಲು ಪೂರ್ತಿ ನೀರು, ಆಮೇಲೆ ಒಂದೊಂದಾಗಿ. ನೋಡಲು ಇದು ತಣ್ಣನೆಯ ಶರಬತ್ತೇ ಆದ್ದರಿಂದ ಬಾಟಲಿಯ ಮೇಲೆ ಚೀಟಿ ಅಂಟಿಸಿ. ಬಿಸಿಲಲ್ಲಿ ಬಂದ ನೆಂಟರು ಕೇಳಿ ಕುಡಿಯುವುದಿಲ್ಲ.

ಏಳು: ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟನ್ನು ಮತ್ತೆ ಅರ್ಧ ಇಂಚು ಕತ್ತರಿಸಿ. ಜರ್ಬೆರಾಕ್ಕೆ ಎರಡು ಇಂಚು ನೀರು ಸಾಕು, ಹೆಚ್ಚಾದರೆ ದಂಟು ಕೊಳೆಯುತ್ತದೆ. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಬಿರಿಯುತ್ತದೆ, ಕೆಳಗೆ ಬಾಡಿದ್ದನ್ನು ತೆಗೆದಷ್ಟೂ ಮೇಲಿನವಕ್ಕೆ ಸರದಿ ಸಿಗುತ್ತದೆ. ಬಾಟಲಿಯನ್ನು ಫ್ಯಾನಿನ ಕೆಳಗೆ ಇಡಬಾರದು. ಅಲ್ಲಿ ಕೂರುವ ಹಕ್ಕು ನೆಂಟರದು.

ನಾಣ್ಯದ ವಿಷಯ. ಹೂವಿನ ನೀರಿಗೆ ನಾಣ್ಯ ಹಾಕಿದರೆ ತಾಮ್ರ ಕರಗಿ ಬ್ಯಾಕ್ಟೀರಿಯಾ ಸಾಯುತ್ತದೆಂಬ ಸಲಹೆ ಹಳೆಯದು. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು, ಅವು ಬಾಟಲಿಯ ತಳದಲ್ಲಿ ಸುಮ್ಮನೆ ಕೂತಿರುತ್ತವೆ. ನಾಣ್ಯದಿಂದ ಹೂವಿಗೆ ನಿಜವಾದ ಉಪಕಾರ ಆಗಬೇಕಾದರೆ ಅದನ್ನು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಪೆಟ್ಟಿಗೆಗೆ ಹಾಕಿ. ಬೋರಿನ ಗಡಸು, ಕ್ಷಾರದ ನೀರಿಗಿಂತ ಅಲ್ಲಿ ಬರುವ ನೀರು ದಂಟಿಗೆ ಹಿತ.

6. ಎಚ್ಚರಿಕೆ: ಕಣ್ಣಿಗೆ ಕಾಣದ ಅನಿಲ

1901ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ವಿದ್ಯಾರ್ಥಿ ತನ್ನ ಪ್ರಯೋಗಾಲಯದ ಬಟಾಣಿ ಸಸಿಗಳು ಗಿಡ್ಡಾಗಿ, ದಪ್ಪಾಗಿ, ಅಡ್ಡಡ್ಡ ಬೆಳೆಯುವುದನ್ನು ಕಂಡು ಕಾರಣ ಹುಡುಕಿದ. ಕೋಣೆಯ ದೀಪಕ್ಕೆ ಬರುತ್ತಿದ್ದ ಅನಿಲದೊಳಗಿನ ಎಥಿಲೀನ್ ಇದಕ್ಕೆ ಹೊಣೆಯೆಂದು ತೋರಿಸಿದ. ಹಣ್ಣುಗಳು ಮಾಗುವಾಗ ತಾವೇ ಬಿಡುವ ಅನಿಲವೂ ಇದೇ ಎಂದು ಆಮೇಲೆ ಗೊತ್ತಾಯಿತು. ಹಣ್ಣಿಗೆ ಇದು ಮಾಗುವ ಕರೆ, ಬಹಳಷ್ಟು ಹೂವುಗಳಿಗೆ ಮುದಿತನದ ಕರೆ.

ಬಾಗಲಕೋಟೆಯ ತೋಟಗಳ ಲೆಕ್ಕದಲ್ಲಿ ಹೇಳುವುದಾದರೆ ಚಿಕ್ಕು, ಪೇರಲ, ಮಾವು, ಬಾಳೆ ಅಪರಾಧಿಗಳು. ದಾಳಿಂಬೆ, ದ್ರಾಕ್ಷಿ ಬಹುಮಟ್ಟಿಗೆ ನಿರಪರಾಧಿಗಳು. ಚಿಕ್ಕು ಹಣ್ಣಾಗಲೆಂದು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಡುವುದು ಈ ಅನಿಲವನ್ನು ಕೂಡಿಹಾಕುವ ಉಪಾಯವೇ. ಆ ಡಬ್ಬಿಯ ಪಕ್ಕ ಮಲ್ಲಿಗೆ ಇಡಬೇಡಿ.

ಈಗ ನಿಮ್ಮ ದೇವರ ಕೋಣೆಗೆ ಬನ್ನಿ. ಒಂದೇ ಹರಿವಾಣದಲ್ಲಿ ಹೂವು ಮತ್ತು ಚುಕ್ಕೆ ಬಿದ್ದ ಬಾಳೆಹಣ್ಣು. ಪಕ್ಕದಲ್ಲಿ ದೀಪದ ಬಿಸಿ. ಮುಂದೆ ಊದುಬತ್ತಿ, ಲೋಬಾನ. ಆ ಹೊಗೆಯಲ್ಲೂ ಎಥಿಲೀನ್ ಉಂಟು. ಕಿಟಕಿಯಿಲ್ಲದ ಮೂರಡಿ ಕೋಣೆ. ಹೂವನ್ನು ಬೇಗ ಬಾಡಿಸಲೆಂದೇ ಒಂದು ಪ್ರಯೋಗಾಲಯ ಕಟ್ಟಬೇಕೆಂದು ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೇಳಿದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರದು. ಪರಿಹಾರ ಸುಲಭ: ಏರಿಸುವ ಹೊತ್ತಿನವರೆಗೆ ಹೂವು ಗಡಿಗೆಯಲ್ಲಿರಲಿ, ಹಣ್ಣು ಬೇರೆ ತಟ್ಟೆಯಲ್ಲಿರಲಿ. ಏರಿಸಿದ ಮೇಲೆ ಅದು ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

7. ವಿಶೇಷ ಬಳಕೆ

ಜಾತ್ರೆ: ಬಾದಾಮಿ ಬನಶಂಕರಿಯ ಜಾತ್ರೆ ಬನದ ಹುಣ್ಣಿಮೆಗೆ, ಹೆಚ್ಚಾಗಿ ಜನವರಿಯ ಚಳಿಯಲ್ಲಿ ಬರುತ್ತದೆ. ಹೂವಿಗೆ ವರ್ಷದಲ್ಲೇ ಒಳ್ಳೆಯ ಕಾಲ. ನಾಟಕ ಕಂಪನಿಯ ರಾತ್ರಿ ಆಟ ನೋಡಿ ಬೆಳಗಿನ ಜಾವ ಹೊರಟರೂ ಹೆರಳಿನ ಹೂವು ಗಟ್ಟಿಯಾಗಿರುತ್ತದೆ, ಮುಡಿದವರು ತೂಕಡಿಸುತ್ತಿರುತ್ತಾರೆ. ಶಾಕಂಬರಿಯಾದ ಈ ದೇವಿಗೆ ಪಲ್ಯೇದ ಹಬ್ಬದಂದು 108 ಬಗೆಯ ತರಕಾರಿ ಅರ್ಪಿಸುತ್ತಾರೆ. ಬದನೆ, ಕುಂಬಳ ತಾಳಿದಷ್ಟು ಯಾವ ಹೂವೂ ತಾಳದು ಎಂಬುದನ್ನು ಬಳಕೆದಾರರು ಗಮನಿಸಬೇಕು.

ಗಣ್ಯರ ಹಾರ: ಈ ಮಾದರಿಯ ಬಳಕೆಯ ಅವಧಿ ಕೊರಳಿಗೆ ಬಿದ್ದು ಫೋಟೋ ತೆಗೆದು ಪಕ್ಕದವರ ಕೈಗೆ ಹೋಗುವವರೆಗೆ ಮಾತ್ರ. ಕ್ರೇನಿಗೆ ನೇತುಹಾಕಿದ ಸೇಬಿನ ಹಾರದ ಪಕ್ಕ ಹೂವಿನ ಹಾರ ಹಿಡಿಯಬೇಡಿ, ಸೇಬು ಎಥಿಲೀನ್ ಬಿಡುವುದರಲ್ಲಿ ಎತ್ತಿದ ಕೈ. 2021ರ ಆಗಸ್ಟಿನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ ಬೇಡ, ಕನ್ನಡ ಪುಸ್ತಕ ಕೊಡಿ ಎಂದಾಗ ಹೂವು ಬೆಳೆಗಾರರು ಆಕ್ಷೇಪ ಎತ್ತಿದರು. 2018ರಿಂದ ಐದು ವರ್ಷ ಬಾದಾಮಿಯ ಶಾಸಕರಾಗಿದ್ದ ಸಿದ್ದರಾಮಯ್ಯ 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಕೂಡಲೇ ತಮಗೂ ಹಾರ, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಪುಸ್ತಕ ಬಾಡುವುದಿಲ್ಲ, ನಿಜ. ಓದಿಸಿಕೊಳ್ಳುತ್ತದೆಯೇ ಎಂಬ ಬಗ್ಗೆ ಬೇರೆ ಕೈಪಿಡಿ ನೋಡಿ.

8. ತೊಂದರೆ ಮತ್ತು ಪರಿಹಾರ

ತೊಂದರೆ: ಗುಲಾಬಿ ಕತ್ತು ಬಗ್ಗಿಸಿದೆ. ಪರಿಹಾರ: ದಂಟನ್ನು ನೀರೊಳಗೆ ಮತ್ತೆ ಕತ್ತರಿಸಿ, ಹೂವು ಸಮೇತ ಬಕೆಟ್ಟಿನಲ್ಲಿ ಮುಳುಗಿಸಿ ಅರ್ಧ-ಮುಕ್ಕಾಲು ತಾಸು ಬಿಡಿ. ಏಳದಿದ್ದರೆ ದಳ ಬಿಡಿಸಿ ಗುಲ್ಕಂದ ಮಾಡಬೇಡಿ, ಪೇಟೆಯ ಗುಚ್ಛಕ್ಕೆ ಕೀಟನಾಶಕ ಹೊಡೆದಿರುತ್ತಾರೆ.

ತೊಂದರೆ: ಮೊಗ್ಗು ಬಿರಿಯುತ್ತಲೇ ಇಲ್ಲ. ಪರಿಹಾರ: ಅತಿ ತಂಪಾಗಿದೆ. ಡಬ್ಬಿಯಿಂದ ಹೊರಗಿಡಿ, ಬಾಗಲಕೋಟೆ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ತೊಂದರೆ: ಅತ್ತೆಯವರ ಮಾಲೆ ಗಟ್ಟಿಯಾಗಿದೆ, ನನ್ನದು ಬಾಡಿದೆ, ಒಂದೇ ಬುಟ್ಟಿಯದು. ಪರಿಹಾರ: ಅವರು ಪಡಸಾಲೆಯಲ್ಲಿ ಕೂತಿದ್ದರು, ನೀವು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಿರಿ. ಇದು ಹೂವಿನ ದೋಷವಲ್ಲ, ಮನೆಯ ಕೆಲಸ ಹಂಚಿದ ರೀತಿಯದು.

ತೊಂದರೆ: ಮೂರು ವಾರವಾದರೂ ಹೂವು ಬಾಡಿಲ್ಲ. ಪರಿಹಾರ: ಧೂಳು ಒರೆಸಿ ನೋಡಿ. ಪ್ಲಾಸ್ಟಿಕ್ಕಿನದು.

9. ಬಾಡದ ಮಾದರಿಗಳು

ಎಷ್ಟು ಜತನ ಮಾಡಿದರೂ ಒಂದೆರಡು ದಿನಕ್ಕೆ ಮುಗಿಯುವ ಸರಕು ಬೇಡ ಎನ್ನುವವರಿಗೆ ಇದೇ ಜಿಲ್ಲೆಯಲ್ಲಿ ಬೇರೆ ಮಾದರಿಗಳಿವೆ. ಇಳಕಲ್ಲ ಸೀರೆಯ ಮೇಲೆ ಕಸೂತಿಯ ಕಮಲ, ತುಳಸಿಕಟ್ಟೆ, ಗೋಪುರ. ಒಗೆದು ಒಣಗಿಸಬಹುದಾದ ಹೂವೆಂದರೆ ಇದೊಂದೇ. ಆ ಸೀರೆಯ ಟ್ರಂಕಿನಲ್ಲಿ ಇಡಲು ಕ್ಯಾದಗಿ, ಬಕುಳ. ಇವು ಒಣಗಿದ ಮೇಲೂ ಘಮ ಬಿಡುವುದಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಆರನೆಯ ಶತಮಾನದ ರಾವಣಫಡಿ ಗುಹೆಯ ಮೇಲ್ಮಾಡಿಗೆ ಕೊರೆದ ದೊಡ್ಡ ಕಮಲ. ನೀರು, ಸಕ್ಕರೆ, ನಿಂಬೆರಸ ಯಾವುದೂ ಬೇಡ. ಅನನುಕೂಲವೆಂದರೆ ಮುಡಿಯಲು ಬರುವುದಿಲ್ಲ.

ಕಲ್ಲಿನಲ್ಲಿ ಹೂವು ಅರಳಿಸಬಲ್ಲ ಚಾಲುಕ್ಯರಿಗೆ ಹಸಿ ಹೂವಿನ ಹಂಗು ಇರಲಿಲ್ಲವೆಂದು ತಿಳಿಯಬೇಡಿ. ಬಾದಾಮಿಯ ಮೂರನೆಯ ಗುಹೆಗೆ ಹೋಗಿ ನೋಡಿ. ಅಲ್ಲಿ ಕ್ರಿ.ಶ. 578ರ ಸಂಸ್ಕೃತ ಶಾಸನವಿದೆ, ಜೊತೆಗೆ ಚಾಲುಕ್ಯ ದೊರೆ ಮಂಗಳೇಶನ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಗುಡಿಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನು ಹೇಳುವ ಆ ಶಾಸನ ದೇವರಿಗೆ ಹೂವು ಒದಗಿಸುವ ಮಾಲೆಗಾರರ ಪಾಲನ್ನೂ ಬರೆದಿಡುತ್ತದೆ. ಗುಡ್ಡವನ್ನೇ ಕೊರೆದು ದೇವರನ್ನು ನಿಲ್ಲಿಸಿದ ದೊರೆಗೂ ಗೊತ್ತಿತ್ತು: ನಾಳೆ ಬೆಳಿಗ್ಗೆ ಯಾರೋ ಒಬ್ಬರು ಹೊಸ ಹೂವು ಕಟ್ಟಿಕೊಂಡು ಮೆಟ್ಟಿಲು ಹತ್ತಬೇಕು, ಅವರ ಹೊಟ್ಟೆಗೊಂದು ವ್ಯವಸ್ಥೆ ಆಗಬೇಕು.

10. ಅವಧಿ, ವಿಲೇವಾರಿ ಮತ್ತು ಖಾತರಿ

ಉತ್ಪನ್ನದ ನಿಗದಿತ ಅವಧಿ: ಕೊಯ್ದ ನಸುಕಿನಿಂದ ಮರುದಿನ ಹೂಗಾರರು ಗೇಟು ಬಡಿಯುವವರೆಗೆ. ಹಿಂದಿನ ಒಂಬತ್ತು ವಿಭಾಗಗಳು ಹೂವನ್ನು ಆ ಹೊತ್ತಿನವರೆಗೆ ತಾಜಾ ಇಡಲಿಕ್ಕಾಗಿವೆ, ಅದರಾಚೆಗಲ್ಲ. ಸಂಜೆ ಬಿರಿಯಬೇಕಾದ ಮೊಗ್ಗು ಮಧ್ಯಾಹ್ನವೇ ಬಾಡಿದರೆ ನಷ್ಟ. ಬಿರಿದು, ಘಮಿಸಿ, ಬೆಳಿಗ್ಗೆ ಕಂದಾದರೆ ಅದು ತನ್ನ ಕೆಲಸ ಮುಗಿಸಿದೆ. ನಿನ್ನೆಯದನ್ನು ನಿರ್ಮಾಲ್ಯವೆಂದು ತೆಗೆದು ಇಂದಿನದನ್ನು ಏರಿಸುವ ಮನೆಯಲ್ಲಿ ಹದಿನೈದು ದಿನ ಬಾಳುವ ಮಲ್ಲಿಗೆಗೆ ಜಾಗವಿಲ್ಲ. ಅಂಥ ಮಲ್ಲಿಗೆಯನ್ನು ಯಾರಾದರೂ ಸೃಷ್ಟಿಸಿದರೆ ಹೂಗಾರರು ತಿಂಗಳಿಗೆ ಎರಡೇ ಸಲ ಬಂದಾರು, ಅವರ ಮನೆಯ ಒಲೆಯೂ ಹಾಗೆಯೇ ಉರಿದೀತು.

ವಿಲೇವಾರಿ: ಬಾಡಿದ ಹೂವನ್ನು ಪ್ಲಾಸ್ಟಿಕ್ ಚೀಲ ಸಮೇತ ಮಲಪ್ರಭೆಗೋ ಘಟಪ್ರಭೆಗೋ ಎಸೆಯಬೇಡಿ. ನಾರು, ದಾರ ಬಿಡಿಸಿ ಗಿಡದ ಬುಡಕ್ಕೆ ಹಾಕಿ, ಗೊಬ್ಬರವಾಗುತ್ತದೆ.

ಖಾತರಿ: ಇಲ್ಲ. ಬದಲಿ ಹೂವು ದಿನಾ ಮನೆ ಬಾಗಿಲಿಗೇ ಬರುತ್ತದೆ, ಅದಕ್ಕೆ ದುಡ್ಡು ಕೊಡಬೇಕು. ತಿಂಗಳ ಬಾಕಿಯನ್ನು ಬರುವ ತಿಂಗಳಿಗೆ ದೂಡಬೇಡಿ. ಮಂಗಳೇಶನ ಶಾಸನದಲ್ಲಿ ದತ್ತಿ ಕೆಡಿಸಿದವನು ನರಕದ ಹುಳುವಾಗುತ್ತಾನೆಂಬ ಷರತ್ತು ಉಂಟು. ಅದು ರದ್ದಾದ ಬಗ್ಗೆ ಈವರೆಗೆ ಯಾವ ಆದೇಶವೂ ಹೊರಟಿಲ್ಲ. ಚಿಲ್ಲರೆ ಇಲ್ಲವೆಂಬ ನೆಪವೂ ನಡೆಯದು. ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ ಕೂತಿರುವ ನಾಣ್ಯಗಳನ್ನು ತೊಳೆದು ಕೊಡಿ.